ಹಾಲಮ್ಮನ ಸರಳು ಮಾತಾಡಿದ ಹೊತ್ತು

ನಾನು ನಮ್ಮೂರಿನ ಕೋರ್ಟಿನಲ್ಲಿ ಕಿವಿಗಾರ್ತಿ. ಜವಾನ, ಗುಮಾಸ್ತ, ಬೆರಳಚ್ಚುಗಾರ ಇರುವ ಹಾಗೆ ಇಲ್ಲಿ ಇಬ್ಬರು ಕಿವಿಗಾರರೂ ಇರುತ್ತಾರೆ. ಒಬ್ಬರು ದಾದಾಪೀರ್ ಸಾಹೇಬರು, ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಡ್ರಮ್ ಬಾರಿಸಿದವರು. ಇನ್ನೊಬ್ಬಳು ನಾನು, ನೀಲಾಂಬಿಕೆ, ಪೇಟೆ ಬೀದಿಯ ಪಾತ್ರೆ ಅಂಗಡಿಯ ಮಗಳು. ಕೊಡವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣಿಗೆ ಕಾಣದ ಬಿರುಕು ಎಲ್ಲಿದೆ ಎಂದು ಹೇಳುವುದನ್ನು ಏಳನೇ ವಯಸ್ಸಿಗೇ ಕಲಿತಿದ್ದೆ. ಅದು ಗೊತ್ತಾಗಿಯೇ ಕೋರ್ಟಿನವರು ನನ್ನನ್ನು ಕರೆಸಿಕೊಂಡರು. ಹೊಗಳಿಕೊಳ್ಳುತ್ತಿದ್ದಾಳೆ ಅಂದುಕೊಂಡರೂ ಅಡ್ಡಿಯಿಲ್ಲ, ಸುಳ್ಳಂತೂ ಅಲ್ಲ.

ನಮ್ಮೂರಲ್ಲಿ ಗಾಡಿಯ ಬಿಡಿಭಾಗ ಮುರಿದು ಯಾರಿಗಾದರೂ ಪೆಟ್ಟಾದರೆ, ಮುರಿದ ತುಂಡು ಒಮ್ಮೆ ಮಾತಾಡುತ್ತದೆ. ಪೆಟ್ಟು ತಿಂದವರು ಅದನ್ನು ಬರಿಗೈಯಲ್ಲಿ ಹಿಡಿಯಬೇಕು, ಅದು ಮುರಿದ ನಿಮಿಷಕ್ಕೇ ಹಿಡಿದಿರಬೇಕು. ದಿನ ಯಾವುದಾದರೂ ಆದೀತು, ಗಡಿಯಾರದ ಮುಳ್ಳು ಮಾತ್ರ ಅಲ್ಲೇ ಇರಬೇಕು. ಆಗ ಅದು ತಾನು ಮುರಿದ ಗಳಿಗೆಯಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿ ಸುಮ್ಮನಾಗುತ್ತದೆ. ಮತ್ತೆಂದೂ ಬಾಯಿ ಬಿಡುವುದಿಲ್ಲ. ಹಾಗಾಗಿ ಪೆಟ್ಟು ತಿಂದವರ ಪರವಾಗಿ ನಮ್ಮಲ್ಲಿ ವಕೀಲರಿಲ್ಲ. ಕಿವಿಗಾರರಿಬ್ಬರೂ ಕೇಳಿದ್ದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಜಡ್ಜ್ ಸಾಹೇಬರ ಕೈಗೆ ಕೊಡುತ್ತೇವೆ. ಎರಡೂ ಚೀಟಿ ತಾಳೆಯಾದರೆ ತೀರ್ಪು.

ಇದಕ್ಕೆ ಊರು ತನ್ನನ್ನು ಹೊಂದಿಸಿಕೊಂಡುಬಿಟ್ಟಿದೆ. ಪ್ರತಿ ಗಾಡಿಯಲ್ಲೂ ಸೀಟಿನ ಕೆಳಗೆ ಒಗೆದು ಮಡಚಿದ ಬಟ್ಟೆಯೊಂದಿರುತ್ತದೆ, ಮುರಿದದ್ದನ್ನು ಮುಟ್ಟದೆ ಸುತ್ತಿಡಲು. ಡ್ರೈವರುಗಳ ಹೆಂಡತಿಯರು ಅದರ ಅಂಚಿಗೆ ಹೂಬಳ್ಳಿ ಹೆಣೆಯುತ್ತಾರೆ. ರಸ್ತೆಯಲ್ಲಿ ಬಿದ್ದವರು ಎಷ್ಟೇ ನೋವಿದ್ದರೂ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಮಲಗಿರುತ್ತಾರೆ, ಅಪ್ಪಿತಪ್ಪಿ ತುಂಡು ತಾಗಿ ಮಾತು ಹಾಳಾಗಬಾರದೆಂದು. ಎತ್ತಲು ಓಡಿಬಂದವರು ಮೊದಲು ಕೈಗಡಿಯಾರ ನೋಡುತ್ತಾರೆ. ಇದು ಒಳ್ಳೆಯ ಅಭ್ಯಾಸವೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ನಿಮಿಷದ ಹುಚ್ಚು ಹುಟ್ಟು ಮದುವೆಗಳಿಗೂ ಹಬ್ಬಿದೆ. ಕೂಸಿಗೆ ಹಾಲು ಕುಡಿಸುವ ಒಳಲೆಯ ಬೆನ್ನ ಮೇಲೆ ಹೆಸರಿನ ಜೊತೆಗೆ ಹುಟ್ಟಿದ ನಿಮಿಷವನ್ನೂ ಕೊರೆಸುವುದು ನಮ್ಮಲ್ಲಿ ಕಡ್ಡಾಯ. ನನ್ನ ತಮ್ಮ ಮೃತ್ಯುಂಜಯ ಅಂಗಡಿಯ ಮೂಲೆಯಲ್ಲಿ ಕೂತು ದಿನಕ್ಕೆ ಮೂರು ನಾಲ್ಕು ಒಳಲೆ ಕೊರೆಯುತ್ತಾನೆ.

ಹಾಲಮ್ಮನ ಸಂಗತಿ ಹೇಳಲು ಹೊರಟು ಎಲ್ಲೆಲ್ಲೋ ಹೋದೆ. ಹಾಲಮ್ಮ ನಮ್ಮೂರ ಹೆರಿಗೆ ಗಾಡಿಯ ಡ್ರೈವರು. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ನೋವು ಶುರುವಾದರೂ ಅವಳ ಬಿಳಿ ವ್ಯಾನು ಹೋಗುತ್ತಿತ್ತು. ಹದಿನಾರು ವರ್ಷದಲ್ಲಿ ಎಷ್ಟು ಬಸುರಿಯರನ್ನು ಆಸ್ಪತ್ರೆ ಮುಟ್ಟಿಸಿದ್ದಾಳೋ, ಅವಳಿಗೇ ಲೆಕ್ಕವಿಲ್ಲ. ನನ್ನ ತಮ್ಮನ ಹೆಂಡತಿಯನ್ನು ಕರೆದೊಯ್ದದ್ದೂ ಅವಳೇ. ಹೊಂಡ ಬಂದಾಗ ಬ್ರೇಕ್ ಒತ್ತುವುದರಲ್ಲಿ ಅವಳಿಗೊಂದು ಹದವಿತ್ತು, ನೋವು ಬಂದ ಹೊತ್ತಿಗೆ ಗಾಡಿ ಎಂದೂ ಕುಲುಕುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಒಂದು ಗುರುವಾರ ಮಧ್ಯಾಹ್ನ ಆ ವ್ಯಾನು ಹಳ್ಳದ ಮೋರಿಯ ಗೋಡೆಗೆ ಗುದ್ದಿತು. ಒಳಗೆ ಇದ್ದದ್ದು ಮೂರೇ ಜನ. ಹಾಲಮ್ಮ, ನೋವು ತಿನ್ನುತ್ತಿದ್ದ ಕಾತ್ಯಾಯಿನಿ ಎಂಬ ಹುಡುಗಿ, ಅವಳ ತಾಯಿ ಸರ್ವಮಂಗಳಮ್ಮ. ಹಾಲಮ್ಮನ ಬಲಗಾಲು ಮಂಡಿಯ ಕೆಳಗೆ ನುಜ್ಜುಗುಜ್ಜಾಗಿ ಪ್ರಜ್ಞೆ ತಪ್ಪಿತು. ಕಾತ್ಯಾಯಿನಿಗೆ ಹಿಂದಿನ ಸೀಟಿನಲ್ಲೇ ಹೆರಿಗೆಯಾಯಿತು, ಹೆಣ್ಣುಮಗು, ಕೂದಲೂ ಕೊಂಕಿರಲಿಲ್ಲ. ಬಿಸಿಲು ಹೊತ್ತು, ಆ ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಕೊನೆಗೊಂದು ಟ್ರ್ಯಾಕ್ಟರ್ ಬಂದು ಎಲ್ಲರನ್ನೂ ಆಸ್ಪತ್ರೆಗೆ ಸಾಗಿಸಿತು. ಸರ್ವಮಂಗಳಮ್ಮನೇ ಆ ಗಾಬರಿಯಲ್ಲೂ ಸೀಟಿನ ಕೆಳಗಿನ ಬಟ್ಟೆ ತೆಗೆದು, ಗಾಡಿಯ ಮುಂದೆ ಬಿದ್ದಿದ್ದ ಸರಳಿನ ತುಂಡನ್ನು ಸುತ್ತಿಕೊಂಡು ಬಂದು ಪೊಲೀಸರಿಗೆ ಒಪ್ಪಿಸಿದವಳು. ಗಾಡಿ ಗುದ್ದಿದಾಗ ಮೂರು ಗಂಟೆ ಐದು ನಿಮಿಷ ಎಂದು ಬರೆಸಿದವಳೂ ಅವಳೇ. ಕೈಗಡಿಯಾರ ಕಟ್ಟಿದ್ದವಳು ಅವಳೊಬ್ಬಳೇ ತಾನೆ.

ಆ ತುಂಡು ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುವಂತೆ ಮಾಡುವ ಸರಳಿನದು. ಗಾಡಿ ಗುದ್ದುವ ಎಂಟು ದಿನದ ಹಿಂದಷ್ಟೇ ಹೊಸದಾಗಿ ಹಾಕಿಸಿದ್ದು. ಮಾಡಿದ ಕಂಪನಿ ದೂರದ ಊರಿನದು, ಅವರ ವಕೀಲ ಸೀತಾಪತಿ. ಗೋಡೆಗೆ ಗುದ್ದಿದ್ದರಿಂದ ಸರಳು ಮುರಿಯಿತೇ ಹೊರತು ಸರಳು ಮುರಿದು ಗಾಡಿ ಗುದ್ದಲಿಲ್ಲ, ಆಯಮ್ಮ ಹಿಂದಿನ ರಾತ್ರಿಯೆಲ್ಲ ಗಾಡಿ ಓಡಿಸಿ ತೂಕಡಿಸಿದಳು ಎಂಬುದು ಅವರ ವಾದ. ಯಾವುದು ಮೊದಲು, ಮುರಿದದ್ದೋ ಗುದ್ದಿದ್ದೋ? ಅಷ್ಟೇ ಪ್ರಶ್ನೆ. ಮುರಿದದ್ದು ಮೊದಲಾದರೆ ಹಾಲಮ್ಮನ ಕಾಲಿನ ಆಪರೇಷನ್ನು, ಹೊಸ ಗಾಡಿ, ಎಲ್ಲವೂ ಕಂಪನಿಯ ತಲೆಗೆ. ಇಲ್ಲದಿದ್ದರೆ ತಪ್ಪು ಹಾಲಮ್ಮನದು, ಲೈಸೆನ್ಸ್ ರದ್ದು, ಹೆರಿಗೆ ಗಾಡಿಯ ಹತ್ತಿರ ಅವಳು ಜನ್ಮದಲ್ಲಿ ಸುಳಿಯುವ ಹಾಗಿಲ್ಲ.

ಇಲ್ಲೊಂದು ಕಟ್ಟಳೆ ಹೇಳಬೇಕು. ಹಿಂದೆ ಯಾರೋ ಲಾರಿಯವನು ನಿಮಿಷ ಮರೆತು, ಮುರಿದ ಗೇರಿನ ಹಲ್ಲನ್ನು ಹಿಡಿದುಕೊಂಡು ಹನ್ನೊಂದು ದಿನ ಕೋರ್ಟಿನಲ್ಲೇ ಉಂಡು ತಿಂದು ಕೂತಿದ್ದನಂತೆ. ಉಳಿದ ಕೇಸುಗಳೆಲ್ಲ ನಿಂತುಹೋದವು. ಅಂದಿನಿಂದ ಒಂದು ತುಂಡಿಗೆ ಮೂರೇ ಸರದಿ, ಬರೆಸಿದ ನಿಮಿಷದ ಹಿಂದೆ ಐದು ಮುಂದೆ ಐದು, ಒಟ್ಟು ಹತ್ತು ನಿಮಿಷ. ಮೂರು ಸಲವೂ ಸುಮ್ಮನಿದ್ದರೆ ಕಬ್ಬಿಣಕ್ಕೆ ಹೇಳುವುದೇನೂ ಇಲ್ಲ ಎಂದೇ ಅರ್ಥ.

ಹಾಲಮ್ಮನ ಮೊದಲ ಸರದಿಗೆ ಕೋರ್ಟಿನ ತುಂಬ ಹೆಂಗಸರು, ಕಂಕುಳಲ್ಲಿ ಅವಳ ಗಾಡಿಯಲ್ಲಿ ಬಂದು ಹುಟ್ಟಿದ ಮಕ್ಕಳು. ಮೂರು ಗಂಟೆಗೆ ಸೀಲು ಒಡೆದು ಸರಳನ್ನು ಅವಳ ಅಂಗೈಯಲ್ಲಿಟ್ಟರು. ದಾದಾಪೀರ್ ಸಾಹೇಬರು ಕಣ್ಣು ಮುಚ್ಚಿದರು, ನಾನು ಉಸಿರು ಹಿಡಿದೆ. ಮೂರೂ ಐದು ಆಯಿತು, ಮೂರೂ ಹತ್ತೂ ಆಯಿತು. ಸರಳು ತುಟಿಪಿಟಕ್ಕೆನ್ನಲಿಲ್ಲ. ಒಂದೊಂದು ಸಲ ಕಬ್ಬಿಣಕ್ಕೆ ಜನ ಜಾಸ್ತಿಯಾದರೆ ಸಂಕೋಚವಾಗುತ್ತದೆಂದು ದಾದಾಪೀರ್ ಸಾಹೇಬರು ಸಮಾಧಾನ ಹೇಳಿದರು. ಎರಡನೇ ಸರದಿಗೆ ಜನರನ್ನೆಲ್ಲ ಆಚೆ ಕಳಿಸಿದರು. ಆಗಲೂ ಅದೇ ಹಾಡು. ಸೀತಾಪತಿ ವಕೀಲರು ಜೊತೆಗೆ ತಂದಿದ್ದ ಅಲಾರಾಂ ಗಡಿಯಾರವನ್ನು ಕರವಸ್ತ್ರದಿಂದ ಒರೆಸಿ ಚೀಲದೊಳಗೆ ಇಟ್ಟುಕೊಂಡರು. ಹಾಲಮ್ಮ ಊರುಗೋಲು ಹುಡುಕುತ್ತ, ಯಾರಿಗೂ ಅಲ್ಲವೆಂಬಂತೆ, "ನಂಗೆ ನಿದ್ದೆ ಬಂದಿರ್ಲಿಲ್ಲ" ಅಂದಳು. ಅವಳ ಕೈ ಹಿಡಿದು ಒಂದು ಮಾತು ಹೇಳಬೇಕೆನಿಸಿತು. ಆದರೆ ಕಿವಿಗಾರರು ಕಕ್ಷಿದಾರರ ಜೊತೆ ಕೇಸಿನ ಮಾತೆತ್ತುವ ಹಾಗಿಲ್ಲ, ತುಟಿ ಕಚ್ಚಿಕೊಂಡು ಕೂತೆ.

ಮೂರನೆಯದು, ಕೊನೆಯದು, ಮುಂದಿನ ಗುರುವಾರಕ್ಕೆ ಗೊತ್ತಾಯಿತು.

ಅದಕ್ಕೆ ಹಿಂದಿನ ದಿನ ಕೋರ್ಟಿಗೆ ರಜೆ, ನಾನು ತಮ್ಮನ ಅಂಗಡಿಯಲ್ಲಿ ಹೊಸದಾಗಿ ಬಂದ ತಂಬಿಗೆಗಳನ್ನು ತಟ್ಟಿ ನೋಡುತ್ತಿದ್ದೆ. ಸರ್ವಮಂಗಳಮ್ಮ ಬಂದಳು. ಮೊಮ್ಮಗಳಿಗೆ ತೊಟ್ಟಿಲು ಶಾಸ್ತ್ರ ಬರುವ ಭಾನುವಾರವಂತೆ, ಕಂಚಿನದೊಂದು ಒಳಲೆ ಬೇಕು ಅಂದಳು. ನಾಲ್ಕು ತೋರಿಸಿದೆ, ಚೆನ್ನಾಗಿ ನಾದವಿದ್ದದ್ದನ್ನು ನಾನೇ ಆರಿಸಿಕೊಟ್ಟೆ. ಮೃತ್ಯುಂಜಯ ಉಳಿ ತೆಗೆದುಕೊಂಡು ಹೆಸರು ಕೇಳಿದ. ಚಿನ್ಮಯಿ ಎಂದಳು. ಹುಟ್ಟಿದ ಹೊತ್ತು ಕೇಳಿದ. ಅವಳು ಬೀದಿಯ ಕಡೆ ಮುಖ ಮಾಡಿದಳು.

"ಹೊತ್ತು ಬೇಡ ಬಿಡಪ್ಪ. ಹೆಸರು ಅಷ್ಟೇ ಸಾಕು."

ನನ್ನ ಕೈಯ ತಂಬಿಗೆ ಅಲ್ಲೇ ನಿಂತಿತು. ನಲವತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ಯಾರೂ ಹೊತ್ತು ಬೇಡವೆಂದದ್ದಿಲ್ಲ. ಪೊಲೀಸರಿಗೆ ಗಾಡಿಯ ನಿಮಿಷ ಬರೆಸಿದ್ದಾಳೆ, ಜೋಯಿಸರ ಹತ್ತಿರ ಜಾತಕ ಬರೆಸಿದ್ದಾಳೆ, ಕಂಚಿನ ಮೇಲೆ ಕೊರೆಸಲು ಮಾತ್ರ ಮನಸ್ಸಿಲ್ಲ. ಆ ಮಾತಿನ ದನಿಯಾದರೂ ಹೇಗಿತ್ತು? ಬಿರುಕು ಬಿಟ್ಟ ತಂಬಿಗೆಯನ್ನು ತಟ್ಟಿದಾಗ ಬರುತ್ತದಲ್ಲ, ಅದೇ. ನನ್ನ ತಲೆಯೊಳಗೆ ಒಂದೊಂದೇ ಹೊಂದಿಕೊಳ್ಳತೊಡಗಿತು. ಗುರುವಾರ. ಗುದ್ದಿದ್ದು ಮೂರೂ ಐದು. ಪೊಲೀಸರ ಕಾಗದದಲ್ಲಿ ಹೆರಿಗೆ ಮೂರೂಕಾಲು. ಗುರುವಾರದ ರಾಹುಕಾಲ ಮುಗಿಯುವುದು ಎಷ್ಟಕ್ಕೆ?

ಕಟ್ಟಳೆಯೂ ಬೇಡ, ಕೋರ್ಟೂ ಬೇಡ ಅನ್ನಿಸಿಬಿಟ್ಟಿತು. ಕಿವಿ ಕೊಟ್ಟವನು ಬಾಯಿಯನ್ನೂ ಕೊಟ್ಟಿದ್ದಾನಲ್ಲ. ಅವಳ ಹತ್ತಿರ ಹೋಗಿ ಮೆಲ್ಲಗೆ, "ಸರ್ವಮಂಗಳಮ್ಮಾರೇ, ಗುರುವಾರ ಒಂದೂವರೆಯಿಂದ ಮೂರು" ಎಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೊಪ್ಪರಿಗೆಯ ಪಕ್ಕ ಕುಸಿದು ಕೂತಳು. ಅತ್ತಳು, ಬೈದಳು, ಮತ್ತೆ ಅತ್ತಳು. ಅವತ್ತು ತನ್ನ ತಲೆಯಲ್ಲಿ ಮಗು ಒಂದೇ ಇತ್ತಂತೆ. ಮಗು ಹುಟ್ಟಿದಾಗ ಗಡಿಯಾರ ನೋಡಿದಳು, ಎರಡೂ ಐವತ್ತೆರಡು. ಇನ್ನೆಂಟು ನಿಮಿಷ ತಡೆದಿದ್ದರೆ ಏನಾಗುತ್ತಿತ್ತು ಎಂದು ಎದೆ ಬಡಿದುಕೊಂಡಳಂತೆ. ಪೊಲೀಸರು ಕೇಳಿದಾಗ ಮಗುವಿನ ಹೊತ್ತನ್ನು ಮೂರರಾಚೆಗೆ ದಾಟಿಸಿದಳು, ಅದರ ಜೊತೆಗೆ ಗಾಡಿಯದನ್ನೂ ದಾಟಿಸಬೇಕಾಯಿತು. ಹಾಲಮ್ಮನ ಸರಳಿಗೂ ಇದಕ್ಕೂ ಗಂಟು ಬಿದ್ದಿದೆ ಎಂದು ಹೊಳೆದದ್ದು ವಾರ ಕಳೆದ ಮೇಲೆ, ಅಷ್ಟರಲ್ಲಿ ಜಾತಕ ಬೀಗರ ಮನೆ ಸೇರಿತ್ತು. ಬೀಗಿತ್ತಿ ಚಂದ್ರಾವತಮ್ಮ ಸಾಮಾನ್ಯ ಹೆಂಗಸಲ್ಲ, ರಾಹುಕಾಲದಲ್ಲಿ ಹಾಲಿಗೆ ಹೆಪ್ಪು ಸಹ ಹಾಕುವವಳಲ್ಲ.

"ನಿಮಗೆ ಹೆಣ್ಣುಮಕ್ಕಳಿದ್ದಾರೇನ್ರೀ?" ಎಂದು ಕೇಳಿದಳು. "ನಾಳೆ ಇವಳನ್ನ ಯಾರು ಮಾಡ್ಕೊಳ್ತಾರೆ? ಬೀಗರು ಕಾತ್ಯಾಯಿನೀನೇ ವಾಪಸು ಕರ್ಕೊಂಡು ಹೋಗ್ದಿದ್ರೆ?"

"ನನಗೆ ಮದುವೆನೇ ಆಗಲಿಲ್ಲ ಕಣ್ರೀ," ಅಂದೆ. "ಜಾತಕ ಮಾತ್ರ ಬಹಳ ಚೆನ್ನಾಗಿತ್ತು."

ಅಳುವಿನ ನಡುವೆಯೇ ಅವಳಿಗೆ ಒಂದು ಚೂರು ನಗು ಬಂತು. ಆದರೂ ಒಪ್ಪಲಿಲ್ಲ. ನಾನು ನಾಳೆಯ ಮೂರನೇ ಸರದಿಯ ಬಗ್ಗೆ ಹೇಳಿದೆ, ಹಾಲಮ್ಮನ ಕಾಲಿನ ಬಗ್ಗೆ ಹೇಳಿದೆ, ನಿದ್ದೆ ಬಂದಿರಲಿಲ್ಲ ಅಂದ ಅವಳ ಮಾತನ್ನೂ ಹೇಳಿದೆ. ಬರೆಸಿದವರೇ ಬಂದು ತಿದ್ದಿಸಬೇಕು, ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ ಎಂಬುದನ್ನೂ ಬಿಡಿಸಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಎದ್ದಳು. ಒಳಲೆಯನ್ನು ಅಲ್ಲೇ ಬಿಟ್ಟು ಹೊರಟೇಹೋದಳು. ಮೃತ್ಯುಂಜಯ ನನ್ನನ್ನು ದುರುಗುಟ್ಟಿ ನೋಡಿದ, ಗಿರಾಕಿ ಕೈತಪ್ಪಿತೆಂದು.

ಗುರುವಾರ ಎರಡು ಗಂಟೆಗೇ ನಾನು ಕಿವಿಗಾರರ ಬೆಂಚಿನ ಮೇಲೆ ಕೂತಿದ್ದೆ. ಸ್ಕೂಟರಿನ ಬ್ರೇಕ್ ವೈರಿನ ಕೇಸೊಂದು ನಡೆಯುತ್ತಿತ್ತು. ನನ್ನ ಕಣ್ಣೆಲ್ಲ ಬಾಗಿಲ ಮೇಲಿನ ದೊಡ್ಡ ಗಡಿಯಾರದ ಮೇಲೆ. ಎರಡೂ ಹತ್ತು. ಎರಡೂ ಇಪ್ಪತ್ತು. ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು, ದಾದಾಪೀರ್ ಸಾಹೇಬರು ಎರಡು ಸಲ ನನ್ನ ಮಂಡಿ ನೋಡಿ, ಮೂರನೇ ಸಲ ಅದೇ ತಾಳಕ್ಕೆ ತಾವೂ ಬೆರಳು ಆಡಿಸತೊಡಗಿದರು. ಹಾಲಮ್ಮ ಹೊರಗೆ ಹೊಂಗೆ ಮರದ ಕಟ್ಟೆಯ ಮೇಲೆ ಕಾಲು ನೀಡಿ ಕೂತಿದ್ದಳು, ಸುತ್ತ ಅವಳ ಹೆಂಗಸರ ಪಡೆ. ಕೊನೆಯ ಸರದಿಯಾದ್ದರಿಂದ ಜನರನ್ನು ತಡೆಯುವ ಮನಸ್ಸು ಯಾರಿಗೂ ಇರಲಿಲ್ಲ.

ಎರಡೂ ಮೂವತ್ತೊಂದಕ್ಕೆ ಬಾಗಿಲಲ್ಲಿ ಸರ್ವಮಂಗಳಮ್ಮ ಕಾಣಿಸಿದಳು. ಹಿಂದೆ ಕಾತ್ಯಾಯಿನಿ, ಮಗುವನ್ನು ಎದೆಗವಚಿಕೊಂಡು. ನನ್ನ ಕೈಯ ಪೆನ್ನು ಕೆಳಗೆ ಬಿತ್ತು.

ಸರ್ವಮಂಗಳಮ್ಮ ನೆಟ್ಟಗೆ ಮುಂದೆ ಬಂದು, ನಡೆಯುತ್ತಿದ್ದ ಕೇಸನ್ನು ಲೆಕ್ಕಿಸದೆ, ಹಾಲಮ್ಮನ ಸರಳಿಗೆ ತಾನು ಬರೆಸಿದ ನಿಮಿಷ ತಪ್ಪು, ತಿದ್ದಿಕೊಳ್ಳಬೇಕು ಎಂದಳು. ಸೀತಾಪತಿ ವಕೀಲರು ಕುರ್ಚಿಯಿಂದ ಚಿಮ್ಮಿ ಎದ್ದರು. ಮೂರು ತಿಂಗಳು ಸುಮ್ಮನಿದ್ದು ಕೊನೆಯ ದಿನ ನಿಮಿಷ ತಿದ್ದುವುದೆಂದರೇನು, ಇವರಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ವಾದಿಸಿದರು. ನಾನು ಗಡಿಯಾರದ ಪೆಂಡುಲಮ್ಮನ್ನು ಬಹಳ ಆಸಕ್ತಿಯಿಂದ ನೋಡಿದೆ. ಜಡ್ಜ್ ಸಾಹೇಬರು ಕೈಯೆತ್ತಿ ಅವರನ್ನು ತಡೆದು, ಅವತ್ತು ಯಾಕೆ ತಪ್ಪು ಬರೆಸಿದಿರಿ ಎಂದು ಸರ್ವಮಂಗಳಮ್ಮನನ್ನು ಕೇಳಿದರು.

ಕೋರ್ಟು ಪೂರಾ ಅವಳ ಕಡೆ ತಿರುಗಿತು. ಅವಳು ಮೊಮ್ಮಗಳ ಮುಖ ನೋಡಿದಳು.

"ರಾಹುಕಾಲ ಇತ್ತು ಸ್ವಾಮಿ," ಅಂದಳು. "ಈ ಮಗು ಹುಟ್ಟಿದ್ದು ರಾಹುಕಾಲದಲ್ಲಿ. ಎರಡೂ ಐವತ್ತೆರಡಕ್ಕೆ. ಹಾಲಮ್ಮನ ಹೊಟ್ಟೆ ಮೇಲೆ ಹೊಡೆದು ಇದರ ಜಾತಕ ಚೆನ್ನಾಗಿಟ್ಟೆ. ನನ್ನದು ತಪ್ಪಾಯ್ತು."

ಜಡ್ಜ್ ಸಾಹೇಬರು ಕನ್ನಡಕ ತೆಗೆದರು, ಹಾಕಿಕೊಂಡರು. ನಿಮಿಷ ಕೊಟ್ಟವರೇ ನಿಮಿಷ ತಿದ್ದಬಹುದು, ಅದು ಕಟ್ಟಳೆಯಲ್ಲೇ ಇದೆ ಎಂದರು. ಆದರೆ ಇದು ಮಗು ಹುಟ್ಟಿದ ಹೊತ್ತು. ಸರಳಿನದು ಎಷ್ಟು? ಸರ್ವಮಂಗಳಮ್ಮ ಕಕ್ಕಾಬಿಕ್ಕಿಯಾದಳು. ಗಾಡಿ ಗುದ್ದಿದಾಗ ಅವಳು ಗಡಿಯಾರ ನೋಡಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಎಂದಳು. ಸ್ವಲ್ಪ ಎಂದರೆ ಎಷ್ಟು? ಗಡಿಯಾರದಲ್ಲಿ ಎರಡೂ ಮೂವತ್ತೇಳು. ನನಗೆ ಬೆಂಚಿನ ಮೇಲೆ ಮುಳ್ಳು ಮೂಡಿದಂತಾಗಿತ್ತು.

ಆಗ ಕಾತ್ಯಾಯಿನಿ ಬಾಯಿಬಿಟ್ಟಳು. ಆ ಹುಡುಗಿ ಅಲ್ಲಿವರೆಗೆ ಯಾರೆದುರೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಗುದ್ದಿದ ಮೇಲೆ ಮೂರು ನೋವು ಬಂದ್ವು," ಎಂದಳು. "ಮೂರನೇದಕ್ಕೆ ಮಗು ಬಂತು."

ಜಡ್ಜ್ ಸಾಹೇಬರು ಗುಮಾಸ್ತರ ಮುಖ ನೋಡಿದರು, ಗುಮಾಸ್ತರು ವಕೀಲರ ಮುಖ ನೋಡಿದರು. ಮೂರು ನೋವಿಗೆ ಎಷ್ಟು ನಿಮಿಷವೆಂದು ಆ ಗಂಡಸರಲ್ಲಿ ಯಾರಿಗೆ ಗೊತ್ತು? ಹೆಂಗಸರ ಕಡೆಯಿಂದ ಒಮ್ಮೆಗೇ ಗದ್ದಲವೆದ್ದಿತು. ಎರಡೆರಡು ನಿಮಿಷಕ್ಕೆ ಎಂದಳೊಬ್ಬಳು. ಚೊಚ್ಚಲಿಗೆ ಅಷ್ಟು ಬೇಗ ಎಲ್ಲಿ ಬರುತ್ತದೆ, ನಾಲ್ಕು ನಾಲ್ಕು ಎಂದಳು ಇನ್ನೊಬ್ಬಳು. ತನ್ನ ಮೂರನೆಯದಕ್ಕೆ ಎಷ್ಟಾಗಿತ್ತೆಂದು ಮತ್ತೊಬ್ಬಳು ಮೊದಲಿನಿಂದ ಶುರುಮಾಡಿದಳು. ಜವಾನ ಸದ್ದು ಸದ್ದು ಎಂದು ಕೂಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

"ಮೂರು ನಿಮಿಷಕ್ಕೊಂದು."

ಹಾಲಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಇಬ್ಬರು ಹೆಂಗಸರು ಅವಳನ್ನು ಆತುಕೊಂಡಿದ್ದರು. "ನಾನು ಗಾಡಿ ಓಡಿಸ್ತಾ ಎಣಿಸ್ತೀನಿ ಸ್ವಾಮಿ, ಯಾವಾಗ್ಲೂ ಎಣಿಸ್ತೀನಿ. ನೋವು ಬರೋ ಹೊತ್ಗೆ ಗಾಡಿ ನಿಧಾನ ಮಾಡ್ಬೇಕಲ್ಲ. ಅವತ್ತು ಈ ಹುಡುಗೀಗೆ ಮೂರು ನಿಮಿಷಕ್ಕೊಂದು ಬರ್ತಿದ್ವು. ಗುದ್ದೋ ಮುಂಚೆ ಒಂದು ಆಗಷ್ಟೇ ಮುಗಿದಿತ್ತು."

ಮೂರು ಮೂರಲ ಒಂಬತ್ತು. ಐವತ್ತೆರಡರಲ್ಲಿ ಒಂಬತ್ತು ಹೋದರೆ ನಲವತ್ತಮೂರು. ಅದನ್ನು ಯಾರು ಮೊದಲು ಕೂಗಿದರೋ ಗೊತ್ತಿಲ್ಲ, ಇಡೀ ಕೋರ್ಟೇ ಕೂಗಿದಂತಿತ್ತು. ಜಡ್ಜ್ ಸಾಹೇಬರು ಎರಡೂ ನಲವತ್ತಮೂರು ಎಂದು ಬರೆದು ಕೆಳಗೆ ಗೆರೆ ಎಳೆದರು. ಗಡಿಯಾರ ನೋಡಿದರು. ಎರಡೂ ಮೂವತ್ತೊಂಬತ್ತು. ಸರಳು ತನ್ನಿ ಎಂದರು.

ಸರಳಿದ್ದ ಬೀರುವಿನ ಕೀ ಕೇಸಿನ ಸಾಮಾನು, ಅಂದರೆ ಮುದ್ದೆಮಾಲು, ಕಾಯುವ ಗುಮಾಸ್ತನ ಜೇಬಿನಲ್ಲಿತ್ತು, ಮುದ್ದೆಮಾಲಿನ ಗುಮಾಸ್ತ ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋಗಿದ್ದ. ಮೂರು ಗಂಟೆಗೆ ತಾನೆ ಸರದಿ, ಅವನದೇನು ತಪ್ಪು. ನಾಲ್ಕೈದು ಹೆಂಗಸರು ಸೆರಗು ಸಿಕ್ಕಿಸಿ ಓಡಿದರು. ಹೋಟೆಲಿನ ಮುಂದೆ ಅವರು ಅವನ ರಟ್ಟೆ ಹಿಡಿದು ಎಬ್ಬಿಸಿದ್ದು, ಅವನ ಕೈಯ ಲೋಟದ ಟೀ ತುಳುಕಿದ್ದು, ಏನಾಯ್ತು ಏನಾಯ್ತು ಎಂದು ಕೇಳುತ್ತಲೇ ಅವನು ಹೆಂಗಸರ ನಡುವೆ ತೇಲಿಕೊಂಡು ರಸ್ತೆ ದಾಟಿದ್ದು, ಎಲ್ಲವೂ ಕಿಟಕಿಯಿಂದ ಕಾಣುತ್ತಿತ್ತು. ಎರಡೂ ನಲವತ್ತೊಂದು. ಬೀರುವಿನ ಬಾಗಿಲು ಕಿರುಗುಟ್ಟಿತು. ಬಟ್ಟೆಯ ಗಂಟು ಬಂತು, ಅಂಚಿನಲ್ಲಿ ಹಾಲಮ್ಮನೇ ಹೆಣೆದಿದ್ದ ಕೆಂಪು ಬಳ್ಳಿ. ಸೀಲಿನ ಅರಗು ಒಡೆಯಲು ಕತ್ತರಿ ಸಿಗಲಿಲ್ಲ, ಜಡ್ಜ್ ಸಾಹೇಬರು ತಮ್ಮ ಮೇಜಿನ ಮೇಲಿದ್ದ ಪೇಪರ್ ವೆಯ್ಟಿನಿಂದ ತಾವೇ ಕುಟ್ಟಿದರು. ಹಾಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರು. ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. ಗೇಣುದ್ದದ ಸರಳು ಅವಳ ಕೈಗೆ ಬಿದ್ದಾಗ ದೊಡ್ಡ ಮುಳ್ಳು ನಲವತ್ತೆರಡು ದಾಟಿತ್ತು.

ಆಮೇಲೆ ಕೋರ್ಟಿನಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಕ್ಕಳೂ ಅಳಲಿಲ್ಲ. ನಾನು ಎಡಗಿವಿಯನ್ನು ಸರಳಿನ ಕಡೆ ತಿರುಗಿಸಿ ಕಣ್ಣು ಮುಚ್ಚಿದೆ.

ಮೊದಲು ಬಂದದ್ದು ಇಂಜಿನ್ನಿನ ಗುಂಯ್‌ಗುಡುವ ಸದ್ದು. ಜನ ಒಮ್ಮೆ ಮೈಜುಮ್ಮೆಂದು ಸರಿದಾಡಿದ್ದು ನನಗೆ ಗೊತ್ತಾಯಿತು. ಅದರ ಮೇಲೆ ಕಾತ್ಯಾಯಿನಿ ಏದುಸಿರು ಬಿಡುವುದು. ಅದರ ಮೇಲೆ ಸರ್ವಮಂಗಳಮ್ಮನ ದನಿ, ಸ್ಪಷ್ಟವಾಗಿ, "ತಡ್ಕೊಳ್ಳೆ ನಮ್ಮವ್ವ, ಇನ್ನೊಂಚೂರು ತಡ್ಕೊಳ್ಳೆ, ರಾಹುಕಾಲ ಮುಗೀಲಿ." ಕೋರ್ಟಿನ ಹಿಂದುಗಡೆ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಆಮೇಲೆ ಹಾಲಮ್ಮ, ನಿದ್ದೆಯ ಸುಳಿವೂ ಇಲ್ಲದ ದನಿ, "ಅದು ರಾಹುಕಾಲ ಕೇಳ್ಕೊಂಡು ಬರಲ್ಲಮ್ಮ. ಉಸಿರು ಬಿಡವ್ವಾ, ನಿಧಾನಕ್ಕೆ, ಹಾಂ." ಆಗ ಬಂತು ಸರಳಿನ ಸ್ವಂತ ಸದ್ದು. ಒಳ್ಳೆಯ ಕಬ್ಬಿಣ ಮುರಿದರೆ ಟಣ್ಣೆಂದು ಹಾಡುತ್ತ ಮುರಿಯುತ್ತದೆ. ಇದು ಹಾಡಲಿಲ್ಲ. ಟಪ್ ಎಂದಿತು, ಅಷ್ಟೇ. ಒಳಗೆ ಪೊಳ್ಳಿದ್ದ ಲೋಹ, ಎರಕ ಹೊಯ್ದಾಗಲೇ ಗಾಳಿಗುಳ್ಳೆ ಸೇರಿದ್ದ ಲೋಹ. ಅಂಥ ತಂಬಿಗೆಯನ್ನು ನಮ್ಮಪ್ಪ ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಗೋಡೆಯ ಸದ್ದು ಇನ್ನೂ ಬಂದಿರಲಿಲ್ಲ. ನಾನು ಉಸಿರು ಎಣಿಸಿದೆ. ಒಂದು. ಬ್ರೇಕು ಕಿರುಚಿತು. ಎರಡು. ಹಾಲಮ್ಮ ಕೂಗಿದಳು, "ಅವಳ ಹೊಟ್ಟೆ ಹಿಡ್ಕೊಳ್ಳಿ, ಅಮ್ಮಾ, ಅವಳ ಹೊಟ್ಟೆ ಹಿಡ್ಕೊಳ್ಳಿ." ಮೂರು. ಆಮೇಲೆ ಗೋಡೆ.

ಅಲ್ಲಿಗೆ ಸರಳು ಸುಮ್ಮನಾಯಿತು. ನನ್ನ ಕಣ್ಣಲ್ಲಿ ನೀರು ತುಂಬಿ ಚೀಟಿ ಕಾಣುತ್ತಿರಲಿಲ್ಲ. ಹದಿನೆಂಟು ವರ್ಷದ ಕೆಲಸದಲ್ಲಿ ಅಳುತ್ತ ಬರೆದ ಚೀಟಿ ಅದೊಂದೇ. ಇಂಜಿನ್, ಮಾತು, ಮುರಿದದ್ದು, ಬ್ರೇಕ್, ಕೂಗು, ಗೋಡೆ ಎಂದು ಬರೆದೆ. ಪಕ್ಕದಲ್ಲಿ ದಾದಾಪೀರ್ ಸಾಹೇಬರು ಗಲ್ಲ ಒರೆಸಿಕೊಂಡು, ಮುರಿದದ್ದಕ್ಕೂ ಗೋಡೆಗೂ ನಡುವೆ ಮೂರು ಉಸಿರು ಎಂದು ನನಗಿಂತ ಒಂದು ಸಾಲು ಹೆಚ್ಚಿಗೇ ಬರೆದಿದ್ದರು. ಜಡ್ಜ್ ಸಾಹೇಬರು ಎರಡೂ ಚೀಟಿಯನ್ನು ಅಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿದರು. ಮುರಿದದ್ದು ಮೊದಲು, ಗುದ್ದಿದ್ದು ಆಮೇಲೆ. ನಿದ್ದೆಯಲ್ಲಿದ್ದವರು ಹೊಟ್ಟೆ ಹಿಡಿದುಕೊಳ್ಳಿ ಎಂದು ಕೂಗುವುದಿಲ್ಲ ಎಂದೂ ತೀರ್ಪಿನಲ್ಲಿ ಸೇರಿಸಿದರು. ಸೀತಾಪತಿ ವಕೀಲರು ಅಲಾರಾಂ ಗಡಿಯಾರವನ್ನು ಮೇಜಿನ ಮೇಲೆಯೇ ಮರೆತು ಹೋದರು. ಅದು ಮೂರೂ ಐದಕ್ಕೆ ಹೊಡೆದುಕೊಂಡಾಗ ಕೋರ್ಟೇ ಬಿದ್ದೂ ಬಿದ್ದೂ ನಕ್ಕಿತು.

ಹಾಲಮ್ಮನ ಸುತ್ತ ಜಾತ್ರೆಯಾಗಿತ್ತು. ಸರ್ವಮಂಗಳಮ್ಮ ಮಾತ್ರ ಕಂಬದ ಮರೆಯಲ್ಲಿ ನಿಂತಿದ್ದಳು. ಹಾಲಮ್ಮ ಅವಳನ್ನು ಕರೆಸಿಕೊಂಡು, ಬೈಯುತ್ತಾಳೇನೋ ಎಂದು ನಾವೆಲ್ಲ ಕಾಯುತ್ತಿರುವಾಗ, ಮಗುವನ್ನು ತನ್ನ ತೊಡೆಯ ಮೇಲೆ ಹಾಕು ಎಂದಳು. ಹುಟ್ಟಿದಾಗ ತನಗೆ ನೋಡಲು ಆಗಿರಲಿಲ್ಲವಲ್ಲ ಎಂದಳು.

ನನ್ನ ಮನಸ್ಸಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಕೋರ್ಟಿನಲ್ಲಿ ಆಡಿದ್ದು ಬೀಗರ ಊರಿಗೆ ಮುಟ್ಟಲು ಒಂದು ಬಸ್ಸು ಸಾಕು. ಬಾಯಿ ಹಾಕಿದವಳು ನಾನು, ಆ ಹುಡುಗಿಯ ಸಂಸಾರ ಒಡೆದರೆ ಹೊಣೆ ಯಾರು? ಶನಿವಾರ ಸರ್ವಮಂಗಳಮ್ಮ ಅಂಗಡಿಗೆ ಬಂದಳು. ಎರಡು ದಿನದಲ್ಲಿ ಇಳಿದುಹೋಗಿದ್ದಳು. ಬೀಗಿತ್ತಿಯಿಂದ ಸುದ್ದಿಯಿಲ್ಲ, ತೊಟ್ಟಿಲಿಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ ಅನ್ನುತ್ತ ಒಳಲೆಯನ್ನು ಕೈಗೆತ್ತಿಕೊಂಡಳು. ಆಮೇಲೆ ಮೃತ್ಯುಂಜಯನಿಗೆ ಕೊಟ್ಟು, ಹೆಸರಿನ ಕೆಳಗೆ ಎರಡೂ ಐವತ್ತೆರಡು ಎಂದು ಕೊರೆಯಪ್ಪ, ದಪ್ಪಕ್ಕೇ ಕೊರೆ ಅಂದಳು.

ಉಳಿ ಕಂಚಿಗೆ ತಾಗಿತ್ತಷ್ಟೇ, ಅಂಗಡಿಯ ಮುಂದೆ ಆಟೋ ನಿಂತಿತು. ಎತ್ತರದ ಹೆಂಗಸೊಬ್ಬಳು ಇಳಿದಳು, ಇಸ್ತ್ರಿ ಮುರಿಯದ ಸೀರೆ, ಬಿಗಿದ ತುಟಿ. ಸರ್ವಮಂಗಳಮ್ಮ ನನ್ನ ತೋಳು ಹಿಡಿದುಕೊಂಡಳು. ಹೇಳಬೇಕಾಗಿರಲಿಲ್ಲ, ಚಂದ್ರಾವತಮ್ಮನೇ.

ಅವಳು ಮೆಟ್ಟಿಲು ಹತ್ತಿ ಬಂದು, ಬೀಗಿತ್ತಿಯನ್ನೂ ನೋಡಿದಳು, ಮೃತ್ಯುಂಜಯನ ಕೈಯಲ್ಲಿದ್ದ ಒಳಲೆಯನ್ನೂ ನೋಡಿದಳು. ಅದರ ಮೇಲಿನ ಎರಡು ಎಂಬ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈಚೀಲ ತೆರೆದು, ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಒಳಲೆಯನ್ನು ಹೊರತೆಗೆದಳು. ಹಳೆಯದು, ಅಂಚು ಸವೆದದ್ದು. ಬೆನ್ನ ಮೇಲೆ ಅವಳ ಮಗನ ಹೆಸರು, ಅಂದರೆ ಕಾತ್ಯಾಯಿನಿಯ ಗಂಡನ ಹೆಸರು, ಅದರ ಕೆಳಗೆ ಹೊತ್ತು.

"ಇದರ ನಿಮಿಷ ಕೆರೆದು ಬೇರೆ ಹಾಕೋಕಾಗುತ್ತೇನಪ್ಪ?" ಎಂದು ಕೇಳಿದಳು. "ಇಪ್ಪತ್ತೊಂಬತ್ತು ವರ್ಷದಿಂದ ತಪ್ಪಾಗೇ ಇದೆ."

ಸರ್ವಮಂಗಳಮ್ಮನ ಹಿಡಿತ ನನ್ನ ತೋಳಿನಿಂದ ಸಡಿಲವಾಯಿತು. ಅವಳು ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು. ಬೀಗಿತ್ತಿಯರಿಬ್ಬರೂ ಅಕ್ಕಪಕ್ಕ ಕೂತರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೃತ್ಯುಂಜಯ ಹಳೆಯ ಒಳಲೆಯನ್ನು ಬೆಳಕಿಗೆ ಹಿಡಿದು, ಆಗುತ್ತದೆ, ಸರಿಯಾದ ಹೊತ್ತು ಎಷ್ಟು ಎಂದು ಕೇಳಿದ. ಚಂದ್ರಾವತಮ್ಮ ಸೆರಗು ಹೊದ್ದುಕೊಂಡು, ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು ಗಟ್ಟಿಯಾಗಿ, ಹೇಳಿದಳು.